ಅಂಗೈಯವರ ಗಂಜಿ

ಆ ಊರು ಅರ್ಧ ಈಚೆ ಬಂಡೆಯ ಮೇಲಿತ್ತು, ಅರ್ಧ ಆಚೆ ಬಂಡೆಯ ಮೇಲಿತ್ತು. ನಡುವೆ ಕಮರಿ. ಅದರ ತಳ ಕಂಡವರು ಯಾರೂ ಹಿಂತಿರುಗಿ ಬಂದು ಅದು ಹೇಗಿದೆಯೆಂದು ಹೇಳಿರಲಿಲ್ಲ. ಈಚೆಯವರು ಕುಡಿಯುವ ನೀರಿನ ಬಾವಿ ಆಚೆಗಿತ್ತು. ಆಚೆಯವರು ಮಾರುವ, ಕೊಳ್ಳುವ ಸಂತೆ ಈಚೆಗಿತ್ತು. ಈ ಬಂಡೆಯಲ್ಲಿ ಹುಟ್ಟಿದ ಹೆಣ್ಣನ್ನು ಆ ಬಂಡೆಗೆ ಕೊಡುತ್ತಿದ್ದರು, ಆ ಬಂಡೆಯಲ್ಲಿ ಸತ್ತವರನ್ನು ಈ ಬಂಡೆಗೆ ತಂದು ಮಣ್ಣು ಮಾಡುತ್ತಿದ್ದರು. ಹೀಗಾಗಿ ಹುಟ್ಟಿದವರೆಲ್ಲ ದಾಟಲೇಬೇಕಿತ್ತು, ಸತ್ತವರೂ ದಾಟಲೇಬೇಕಿತ್ತು. ದಾಟುವುದಕ್ಕೆ ಇದ್ದದ್ದು ಕತ್ತಾಳೆ ನಾರಿನ ಒಂದು ಹಗ್ಗದ ಸೇತುವೆ.

ಆ ಊರನ್ನು ಆಳುವವರಿಗೆ ಕಿರೀಟವಿರಲಿಲ್ಲ, ಕತ್ತಿಯಿರಲಿಲ್ಲ. ಅವರನ್ನು ಅಂಗೈಯವರು ಎಂದು ಕರೆಯುತ್ತಿದ್ದರು. ಊರೆಲ್ಲ ಕೂಡಿ ಆರಿಸಿದ ಐವರು. ಊರಿನ ಜಗಳ, ಊರಿನ ಕಣಜ, ಊರಿನ ಬಾವಿ ಎಲ್ಲವನ್ನೂ ಸಂತೆಮಾಳದ ಕಟ್ಟೆಯ ಮೇಲೆ ಕೂತು ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ಅವರ ಮೊದಲ ಕೆಲಸ ಸೇತುವೆಯದು. ಬೆಳಗಾಯಿತೆಂದರೆ ಐವರಲ್ಲಿ ಒಬ್ಬರು ಹಗ್ಗದ ಮೇಲೆ ಅಂಗೈ ಇಟ್ಟು, ಆ ತುದಿಯವರೆಗೆ ಎಳೆದುಕೊಂಡು ಹೋಗಿ, ಈ ತುದಿಯವರೆಗೆ ಎಳೆದುಕೊಂಡು ಬಂದು, ಊರಿನ ಮುಂದೆ ನಿಂತು ಒಂದು ಮಾತು ಹೇಳಬೇಕು. "ನಡೆಯಿರಿ" ಎಂದರೆ ಊರು ನಡೆಯುತ್ತಿತ್ತು. "ನಿಲ್ಲಿ" ಎಂದರೆ ಊರು ನಿಲ್ಲುತ್ತಿತ್ತು. ಯಾಕೆಂದು ಕೇಳುವ ವಾಡಿಕೆ ಇರಲಿಲ್ಲ.

ಹಾಗೆ ನಂಬುವ ಊರು ತನ್ನ ನಂಬಿಕೆಗೆ ಒಂದು ಕಟ್ಟಳೆಯನ್ನೂ ಮಾಡಿಕೊಂಡಿತ್ತು.

ಬಂಡೆಯ ಸಂದುಗಳಲ್ಲಿ ಹಾಯಿಬೇರು ಎಂಬ ಒಂದು ಬೇರು ಬೆಳೆಯುತ್ತಿತ್ತು. ಅದನ್ನು ಅಗಿದವರು ತೂರಾಡುತ್ತಿರಲಿಲ್ಲ, ತೊದಲುತ್ತಿರಲಿಲ್ಲ. ಕಣ್ಣು ಕೆಂಪಾಗುತ್ತಿರಲಿಲ್ಲ, ಬಾಯಿ ವಾಸನೆ ಬರುತ್ತಿರಲಿಲ್ಲ. ಅವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ. ಹಳಸಿದ ಅನ್ನ ಚೆನ್ನಾಗಿರುತ್ತಿತ್ತು, ಸೋರುವ ಮಾಡು ಚೆನ್ನಾಗಿರುತ್ತಿತ್ತು, ಬೈಯುವ ಹೆಂಡತಿಯ ದನಿ ಇಂಪಾಗಿರುತ್ತಿತ್ತು. ಬೇರು ಅಗಿದವರಿಗೆ ತಾವು ಅದರ ವಶದಲ್ಲಿದ್ದೇವೆ ಎಂದು ತಿಳಿಯುತ್ತಿರಲಿಲ್ಲ, ಏಕೆಂದರೆ ತಮ್ಮ ಸ್ಥಿತಿಯೂ ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ನೋವಿದ್ದವರು, ಹೆರಿಗೆಯಾದವರು, ಮುದುಕರು ಅದನ್ನು ತಿನ್ನುತ್ತಿದ್ದರು. ಯಾರೂ ಬೇಡವೆನ್ನುತ್ತಿರಲಿಲ್ಲ. ಅಂಗೈಯವರು ಮಾತ್ರ ತಿನ್ನುವಂತಿರಲಿಲ್ಲ.

ಅದನ್ನು ನೋಡಿಕೊಳ್ಳಲು ಸೌಟಿನವ್ವ ಇದ್ದಳು. ಯಾವ ದಿನ, ಯಾವ ಹೊತ್ತು ಎಂದು ಮುಂಚೆ ಹೇಳದೆ ಅವಳು ಗಂಜಿಯ ಮಡಕೆ ಹೊತ್ತು ಕಟ್ಟೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಮಡಕೆಯ ಕಂಠಕ್ಕೆ ಮರದ ಸೌಟನ್ನು ಬಡಿಯುತ್ತಿದ್ದಳು. ಆಗ ಮಾತು ನಿಲ್ಲಬೇಕು, ವ್ಯಾಪಾರ ನಿಲ್ಲಬೇಕು. ಅವಳು ಐವರ ಕಾಲ ಬಳಿಯೂ ಒಂದೊಂದು ಹಿಡಿ ರಾಗಿ ಚೆಲ್ಲಿ, ಕಂಕುಳಲ್ಲಿದ್ದ ಕೋಳಿಯನ್ನು ಕೆಳಗೆ ಬಿಡುತ್ತಿದ್ದಳು. ಕೋಳಿ ಯಾರ ಕಾಲ ಬಳಿ ಮೊದಲು ಕುಟುಕಿತೋ ಆ ದಿನದ ಗಂಜಿ ಅವರದು. ಆ ಕೋಳಿಯೂ ಪ್ರತಿ ಸಲ ಬೇರೆ ಬೇರೆ ಮನೆಯದು. "ಕೋಳಿಗೆ ನೆಂಟರಿಲ್ಲ" ಎಂಬುದು ಆ ಊರಿನ ಗಾದೆ. ಹಿಂದೊಮ್ಮೆ ಒಬ್ಬ ಅಂಗೈಯವನು ಪಕ್ಕದವನ ಕಾಲ ಬಳಿ ಕದ್ದು ಅಕ್ಕಿ ಉದುರಿಸಿದ್ದನಂತೆ. ಕೋಳಿ ಅಕ್ಕಿಯನ್ನು ಬಿಟ್ಟು ನೇರ ಉದುರಿಸಿದವನ ಹೆಬ್ಬೆರಳನ್ನೇ ಕುಕ್ಕಿತಂತೆ. ಆ ಕಥೆಯನ್ನು ಊರು ಇನ್ನೂ ಹೇಳಿಕೊಂಡು ನಗುತ್ತಿತ್ತು.

ಗಂಜಿಯಲ್ಲಿ ಬೇಕೆಂದೇ ಒಂದು ಕೆಡುಕು ಇರುತ್ತಿತ್ತು. ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಹುಳಿ, ಒಂದು ದಿನ ತಳ ಹತ್ತಿದ ವಾಸನೆ. ಸೌಟಿನವ್ವ ಮೋಸ ಮಾಡದಿರಲೆಂದು ನೆರೆದವರಲ್ಲಿ ಕೈಗೆ ಸಿಕ್ಕ ಕೆಲವರು ಮೊದಲು ರುಚಿ ನೋಡಿ, ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಆಮೇಲೆ ಅಂಗೈಯವರು ಬಾಯಿ ತೆರೆದು ಒಂದು ಸೌಟು ಕುಡಿದು, ಕೆಡುಕು ಏನೆಂದು ಹೇಳಬೇಕು. ಹೇಳಿದರೆ ಮತ್ತೆ ಪೀಠ. "ಚೆನ್ನಾಗಿದೆ" ಎಂದರೆ ಪೀಠ ಬಿಟ್ಟು ಕೆಳಗಿಳಿಯಬೇಕು. ಕತ್ತಾಳೆಯ ಹೊಸ ಕೊಯ್ಲು ಬರುವವರೆಗೆ ಅವರು ಸೇತುವೆಯ ವಿಚಾರದಲ್ಲಿ ನಡೆಯಿರಿ ಎನ್ನುವಂತಿಲ್ಲ, ನಿಲ್ಲಿ ಎನ್ನುವಂತಿಲ್ಲ.

ಐವರಲ್ಲಿ ಎಲ್ಲರಿಗಿಂತ ಹಿರಿಯರನ್ನು ದೊಡ್ಡಯ್ಯ ಎನ್ನುತ್ತಿದ್ದರು. ಅವರ ಅಂಗೈ ಹಳೆಯ ನೊಗದಂತೆ ನುಣುಪಾಗಿತ್ತು, ಗಟ್ಟಿಯಾಗಿತ್ತು. ಊರಿನ ಮಕ್ಕಳು ಹಟ ಮಾಡಿದರೆ ತಾಯಂದಿರು ಗುಮ್ಮನನ್ನು ಕರೆಯುತ್ತಿರಲಿಲ್ಲ, ದೊಡ್ಡಯ್ಯನನ್ನು ಕರೆಯುತ್ತಿದ್ದರು. ಅವರು ಬಂದು ತಲೆಯ ಮೇಲೆ ಆ ಅಂಗೈ ಇಟ್ಟರೆ ಹಟ ಇಳಿಯುತ್ತಿತ್ತು. ಕೋಳಿ ಅವರನ್ನು ಎಷ್ಟೋ ಸಲ ಆರಿಸಿತ್ತು. ಒಂದು ಸಲವೂ ಅವರ ನಾಲಿಗೆ ತಪ್ಪಿರಲಿಲ್ಲ. ಒಮ್ಮೆ ಗಂಜಿ ಕುಡಿದು, "ಉಪ್ಪು ಜಾಸ್ತಿ. ಅಡಿ ಹತ್ತಿದೆ. ಜೊತೆಗೆ ನಿನ್ನ ಮಡಕೆ ಸೀಳು ಬಿಟ್ಟಿದೆ, ಮಣ್ಣು ಬಾಯಿಗೆ ಬಂತು. ಹೊಸದು ತಗೋ ಸೌಟಿನವ್ವಾ, ಊರು ಅಷ್ಟೊಂದು ಬಡವಾಗಿಲ್ಲ" ಎಂದಿದ್ದರು. ಸೌಟಿನವ್ವ ಮಡಕೆ ಎತ್ತಿ ನೋಡಿದಾಗ ಸೀಳು ಇದ್ದದ್ದು ನಿಜ.

ಐವರಲ್ಲಿ ಎಲ್ಲರಿಗಿಂತ ಚಿಕ್ಕವಳನ್ನು ಕಿರಿಯಳು ಎನ್ನುತ್ತಿದ್ದರು. ಆ ವರ್ಷವಷ್ಟೇ ಆರಿಸಿ ಬಂದವಳು. ನೆಟ್ಟಗೆ ನಡೆಯುವವಳು, ನೆಟ್ಟಗೆ ಮಾತಾಡುವವಳು, ಎಲೆಯಡಿಕೆಯನ್ನೂ ಹಾಕದವಳು. ಪೀಠಕ್ಕೆ ಬಂದ ಹೊಸತರಲ್ಲೇ ಕೋಳಿ ಅವಳ ಕಾಲ ಬಳಿ ಕುಟುಕಿತು. ಅವಳು ತಲೆ ಎತ್ತಿ ಬಾಯಿ ತೆರೆಯಬೇಕಾಯಿತು. ಸೊಪ್ಪು ಮಾರುವ ಹೆಂಗಸರು ಮುಂದೆಯೇ ಕುಕ್ಕರುಗಾಲಲ್ಲಿ ಕೂತಿದ್ದರು.

"ಇನ್ನೂ ಅಗಲ ತೆಗಿಯವ್ವ. ಊರು ಆಳೋ ಬಾಯಿ ಅದು" ಎಂದಳು ಒಬ್ಬಳು.

"ಮೆಲ್ಲಗೆ ಹಾಕೇ ಸೌಟಿನವ್ವ, ಒಳಗೆ ಕಟ್ಟಳೆಗಳೆಲ್ಲ ತುಂಬಿದಾವೆ, ತುಳುಕಿಬಿಟ್ಟಾವು" ಎಂದಳು ಇನ್ನೊಬ್ಬಳು.

"ಹುಳಿಯಾಗಿದೆ" ಎಂದು ಕಿರಿಯಳು ಸರಿಯಾಗಿಯೇ ಹೇಳಿದಳು. ಪೀಠಕ್ಕೆ ಮರಳಿ ಕೂತಳು. ಆದರೆ ಆ ನಗು ಅವಳ ಕಿವಿಯಿಂದ ಇಳಿಯಲಿಲ್ಲ. ಕಳ್ಳರ ಬಾಯಿ ತೆರೆಸುತ್ತಾರೆ, ಕೊಳ್ಳುವ ಎತ್ತಿನ ಬಾಯಿ ತೆರೆಸುತ್ತಾರೆ. ಊರೇ ನಂಬಿ ಕೂರಿಸಿದವರ ಬಾಯಿಯನ್ನು ಯಾಕೆ ತೆರೆಸಬೇಕು? ಈ ಸೌಟು ಹೋಗಬೇಕು ಎಂದು ಅವಳು ನಿಶ್ಚಯಿಸಿದಳು.

ಕಟ್ಟೆಯ ಮೇಲೆ ಆ ವಿಚಾರವನ್ನು ಮುಂದಿಟ್ಟಳು. ಸಂತೆಗೆ ಬರುವ ಕಾಳನ್ನು ತೂಗಿ ಕೊಡುವ ತಕ್ಕಡಿಯವನು ಅಂಗೈಯವರಲ್ಲಿ ಒಬ್ಬ. ಅವನು ಅವಳ ಪಕ್ಷಕ್ಕೆ ಬಂದ. ಉಳಿದಿಬ್ಬರು ಸೌಟು ಇರಲಿ ಎಂದರು. ದೊಡ್ಡಯ್ಯನ ಮಾತು ಯಾವ ಕಡೆಗೋ ತೀರ್ಮಾನ ಆ ಕಡೆಗೆ. ಅವರು ವಾರಗಟ್ಟಲೆ ಅವಳೊಡನೆ ವಾದಿಸಿದರು.

"ನನ್ನ ಮೇಲೆ ಊರಿಗೆ ನಂಬಿಕೆ ಇದ್ದರೆ ಬಾಯಿ ಯಾಕೆ ತೆರೆಯಬೇಕು, ದೊಡ್ಡಯ್ಯ?" ಎಂದು ಅವಳು ಕೇಳಿದರೆ, "ನಂಬಿಕೆ ಇರೋದಕ್ಕೇ ತೆರೆಯಬೇಕು ತಂಗಿ. ನಂಬದವನ ಮಾತಿಗೆ ಯಾರು ಕಮರಿಯ ಮೇಲೆ ಕಾಲಿಡ್ತಾರೆ?" ಎನ್ನುತ್ತಿದ್ದರು.

"ಮಾನ ಹೋಗುತ್ತದೆ."

"ನನ್ನದು ಇಷ್ಟು ವರ್ಷ ಹೋಗಿ ಹೋಗಿ, ನೋಡು, ಇನ್ನೂ ಮುಗಿದಿಲ್ಲ."

ಕೊನೆಗೆ ಸಂತೆಯ ದಿನ ಎಲ್ಲರ ಎದುರು ತೀರ್ಮಾನವೆಂದು ನಿಗದಿಯಾಯಿತು.

ಸಂತೆಯ ದಿನ ಬೆಳಗಿನ ಸರದಿ ದೊಡ್ಡಯ್ಯನದು. ಊರು ಗಂಟುಮೂಟೆ ಹೊತ್ತು ಎರಡೂ ಬಂಡೆಗಳ ಅಂಚಿನಲ್ಲಿ ಕಾದು ನಿಂತಿತ್ತು. ದೊಡ್ಡಯ್ಯ ಹಗ್ಗಕ್ಕೆ ಅಂಗೈ ಇಟ್ಟು ಹೊರಟರು. ಕಿರಿಯಳು ಅವರ ಹಿಂದೆಯೇ ಹೊರಟಳು. ಕಲಿಯುವವರು ಹಾಗೆ ಹಿಂದೆ ನಡೆದು, ಹಿರಿಯರ ಅಂಗೈ ಹೋದಲ್ಲಿ ತಮ್ಮ ಅಂಗೈ ಎಳೆಯುವುದು ಪದ್ಧತಿ. ಅವರ ದವಡೆ ಒಂದು ಕಡೆ ಊದಿತ್ತು. ಆದರೂ ಮುಖದಲ್ಲಿ ನಗು.

"ಹಲ್ಲು ನೋವೇ, ದೊಡ್ಡಯ್ಯ?"

"ಇತ್ತು ತಂಗಿ. ನಿನ್ನೆಯೆಲ್ಲ ಪ್ರಾಣ ತಿಂತು. ಈಗ ಇಲ್ಲ. ಬೆಳಗು ಎಷ್ಟು ಚೆನ್ನಾಗಿದೆ ನೋಡು."

ಅವಳು ತನ್ನ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು. "ಇವತ್ತು ಕಟ್ಟೆಯಲ್ಲಿ ಏನು ಹೇಳ್ತೀರಿ?"

"ಸೌಟಿನ ಮಾತೋ?" ಅವರು ಹಗ್ಗವನ್ನು ಸವರುತ್ತ ನಡೆದರು. "ನೀನು ಹೇಳೋದೂ ಚೆನ್ನಾಗಿಯೇ ಇದೆ. ಆಗಲಿ. ತೆಗೆದುಬಿಡೋಣ."

ಕಿರಿಯಳಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಇಷ್ಟು ದಿನ ಬಂಡೆಯಂತೆ ನಿಂತವರು ಹೂವಿನಂತೆ ಒಪ್ಪಿದ್ದರು. ಅವಳ ಹೆಜ್ಜೆ ಹಗುರಾಯಿತು. ಸೇತುವೆಯ ನಡುಮಧ್ಯಕ್ಕೆ ಬಂದಾಗ ಅವಳ ಅಂಗೈಗೆ ಹಗ್ಗದ ಒಳಮೈ ಮೆತ್ತಗೆ ಸಿಕ್ಕಿತು, ಬೆಕ್ಕಿನ ಕಿವಿಯ ಹಾಗೆ. ಅವಳು ನಿಂತಳು.

"ದೊಡ್ಡಯ್ಯ, ಇಲ್ಲೊಂದು ಸ್ವಲ್ಪ…"

ಅವರು ಹಿಂದಕ್ಕೆ ಬಂದು ಅಲ್ಲಿ ಕೈಯಿಟ್ಟರು. "ಚೆನ್ನಾಗಿದೆ ತಂಗಿ. ತುಂಬ ಚೆನ್ನಾಗಿದೆ."

ಆ ಅಂಗೈ ಹೇಳಿದ ಮೇಲೆ ತನ್ನ ಅಂಗೈ ಏನು ಹೇಳೀತು? ಅವಳು ಕೈ ತೆಗೆದಳು. ಈ ತುದಿಗೆ ಮರಳಿದ ದೊಡ್ಡಯ್ಯ ಊರಿನ ಮುಂದೆ ನಿಂತು "ನಡೆಯಿರಿ" ಎಂದರು. ಊರು ನಡೆಯಿತು.

ಹೊತ್ತು ಏರಿತು. ಸಂತೆ ತುಂಬಿತು. ಅಂಗೈಯವರು ಐವರೂ ಕಟ್ಟೆಯೇರಿ ಕೂತರು. ಕಿರಿಯಳು ತನ್ನ ವಿಚಾರವನ್ನು ಹೇಳಲು ಎದ್ದು ನಿಂತಳು. ಆಗಲೇ ಮಡಕೆಯ ಕಂಠಕ್ಕೆ ಸೌಟು ಬಡಿದ ಸದ್ದಾಯಿತು.

"ಇವತ್ತೂ ಬಂದೆಯಾ?" ಎಂದ ತಕ್ಕಡಿಯವನು. "ನಿನ್ನ ಕೆಲಸವನ್ನೇ ತೆಗೆಯೋ ಮಾತು ಇವತ್ತು."

"ಅದು ಆಮೇಲೆ. ಈಗಿನ್ನೂ ಮಡಕೆ ನನ್ನ ತಲೆ ಮೇಲಿದೆ" ಎಂದಳು ಸೌಟಿನವ್ವ.

ರಾಗಿ ಚೆಲ್ಲಿದಳು. ಕೋಳಿ ಬಿಟ್ಟಳು. ಕೋಳಿ ಕಟ್ಟೆಯ ಮೇಲೆ ಅತ್ತ ನಡೆಯಿತು, ಇತ್ತ ನಡೆಯಿತು. ತಕ್ಕಡಿಯವನ ಮುಂದೆ ಒಂದು ಕಾಲೆತ್ತಿ ನಿಂತಿತು. ಅವನು ಉಸಿರು ಬಿಗಿಹಿಡಿದ. ಅದು ಕಾಲಿಳಿಸಿ, ತಿರುಗಿ, ದೊಡ್ಡಯ್ಯನ ಕಾಲ ಬಳಿ ಕುಟುಕಿತು.

ಕೈಗೆ ಸಿಕ್ಕವರು ರುಚಿ ನೋಡಿದರು. ಆ ದಿನ ಗಂಜಿಗೆ ಬೇವಿನ ರಸ ಬಿದ್ದಿತ್ತು. ಅವರು ಕಣ್ಣು ಮುಚ್ಚಿ, ಗುಟುಕು ನುಂಗಿ, ಬಾಯಿ ಮುಚ್ಚಿಕೊಂಡು ನಿಂತರು. ದೊಡ್ಡಯ್ಯ ಬಾಯಿ ತೆರೆದರು. ಸೌಟಿನವ್ವ ಗಂಜಿ ಹಾಕಿದಳು. ಅವರು ಕುಡಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಊರು ಕಾಯಿತು. ಅವರು ಸೌಟಿನ ಕಡೆ ನೋಡಿದರು. ಇನ್ನೊಂದು ಸೌಟು ಸಿಗಬಹುದೇ ಎಂದು ನೋಡುವ ಮಗುವಿನ ಹಾಗೆ ನೋಡಿದರು. ಆಗ ಊರಿಗೆ ಅರ್ಥವಾಯಿತು.

ಅರ್ಥವಾದ ಊರು ಮಾಡಬಾರದ್ದನ್ನು ಮಾಡಿತು. ಯಾರೂ ಮಾತಾಡಲಿಲ್ಲ, ಆದರೆ ರುಚಿ ನೋಡಿದ ಮುದುಕಿಯೊಬ್ಬಳು ಮೆಲ್ಲಗೆ ಮುಖ ಕಿವುಚಿದಳು. ಅವಳನ್ನು ನೋಡಿ ಸೊಪ್ಪಿನ ಹೆಂಗಸರು ಮುಖ ಕಿವುಚಿದರು. ಅವರನ್ನು ನೋಡಿ ಕುಂಬಾರರು, ಕಮ್ಮಾರರು, ಹಗ್ಗ ಹೊಸೆಯುವವರು, ಮಕ್ಕಳನ್ನು ಎತ್ತಿಕೊಂಡವರು ಎಲ್ಲರೂ ಕಿವುಚಿದರು. ಗಂಜಿಯ ತೊಟ್ಟು ಬಾಯಿಗೆ ಹೋಗದವರೂ ಬೇವು ಕಡಿದವರಂತೆ ನಿಂತರು. ಒಬ್ಬ ಮುದುಕನನ್ನು ಪೀಠದ ಮೇಲೆ ಉಳಿಸಿಕೊಳ್ಳಲು ಒಂದು ಊರಿಗೆ ಊರೇ ಕಹಿ ಮುಖ ಮಾಡಿತು. ಪ್ರೀತಿಯಿಂದ ಮಾಡಿದ ಮೋಸವಾದ್ದರಿಂದ ಅದು ಮೋಸವೆಂದು ಯಾರಿಗೂ ಅನ್ನಿಸಲಿಲ್ಲ. ಕಿರಿಯಳಿಗೂ ಅನ್ನಿಸಲಿಲ್ಲ. ಅವಳು ಕೂಡ ತುಟಿ ಕಚ್ಚಿ, ಹುಬ್ಬು ಗಂಟಿಕ್ಕಿ, ಅವರ ಕಣ್ಣಿಗೆ ಕಾಣುವಂತೆ ವಾಲಿ ಕೂತಿದ್ದಳು.

ದೊಡ್ಡಯ್ಯ ಆ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು. ಮೊದಲು ಅವರಿಗೆ ನಗು ಬಂತು. ಆಮೇಲೆ ನಗು ನಿಂತಿತು. ಅವರು ನಾಲಿಗೆಯನ್ನು ಬಾಯೊಳಗೆ ಒಮ್ಮೆ ಆಡಿಸಿದರು. ಮತ್ತೊಮ್ಮೆ ಮುಖಗಳನ್ನು ನೋಡಿದರು. ಊರು ಅವರನ್ನು ಉಳಿಸಲು ಮಾಡಿದ ಸನ್ನೆಯೇ ಅವರಿಗೆ ತಾವು ಎಲ್ಲಿದ್ದೇವೆಂದು ತಿಳಿಸಿತು.

"ಕಹಿ ಇರಬೇಕು, ಅಲ್ಲವೇ?" ಎಂದರು.

"ಸರಿ! ಹೇಳಿದರಲ್ಲ!" ಎಂದು ತಕ್ಕಡಿಯವನು ಎದ್ದೇಬಿಟ್ಟ.

"ಕೂತುಕೋ ತಮ್ಮ. ಕಹಿ ಅಂತ ಅವರ ಮುಖ ಹೇಳಿತು. ಸೌಟಿನವ್ವ ಕೇಳಿದ್ದು ನನ್ನ ನಾಲಿಗೆಯನ್ನು." ದೊಡ್ಡಯ್ಯ ಸೌಟಿನವ್ವನ ಕಡೆ ತಿರುಗಿದರು. "ಚೆನ್ನಾಗಿದೆ, ಅವ್ವ. ಇಷ್ಟು ಚೆನ್ನಾದ ಗಂಜಿಯನ್ನು ನಾನು ಈ ಕಟ್ಟೆಯ ಮೇಲೆ ಕುಡಿದೇ ಇಲ್ಲ."

ಸೌಟಿನವ್ವನ ಕೈ ಸೌಟಿನ ಮೇಲೆ ಹಾಗೇ ನಿಂತಿತು. "ನೋವಿಗೆ ತಗೊಂಡ್ರಾ?" ಎಂದು ಮೆಲ್ಲಗೆ ಕೇಳಿದಳು.

"ಹಲ್ಲಿಗೆ. ರಾತ್ರಿ, ಉಗುರಿನಷ್ಟು. ಬೆಳಗಾಗುವಷ್ಟರಲ್ಲಿ ಇಳಿದಿರುತ್ತೆ ಅಂದುಕೊಂಡೆ. ಇಳಿದಿದೆ ಅಂತಲೇ ಅನ್ನಿಸಿತು. ಅದರ ಗುಣವೇ ಅದಲ್ಲವೇ?"

ಅವರು ಪೀಠದಿಂದ ಎದ್ದರು. ಯಾರ ಕೈಯನ್ನೂ ಹಿಡಿಯದೆ ಕಟ್ಟೆ ಇಳಿದರು. ಸೊಪ್ಪಿನ ಹೆಂಗಸರ ಪಕ್ಕದಲ್ಲಿ ನೆಲದ ಮೇಲೆ ನಿಂತರು.

ಕಿರಿಯಳಿಗೆ ಸಿಟ್ಟು ಉಕ್ಕಿತು. ಅವಳು ಕಟ್ಟೆಯ ಅಂಚಿಗೆ ಬಂದು ಊರನ್ನೇ ಉದ್ದೇಶಿಸಿ ಮಾತಾಡಿದಳು. ಅವಳ ಮಾತು ಎಂದಿಗಿಂತ ಚೆನ್ನಾಗಿ ಬಂತು. "ನೋಡಿದಿರಾ? ಒಂದು ಹಲ್ಲು ನೋವಿಗೆ ಇಂಥವರನ್ನು ಕೆಳಗಿಳಿಸಿದಿರಿ. ಈ ಸೌಟಿಗೆ ಕಳ್ಳ ಯಾರು, ಒಳ್ಳೆಯವರು ಯಾರು ಗೊತ್ತಿಲ್ಲ. ಇದನ್ನು ತೆಗೆಯಬೇಕೆಂದು ನಾನು ಹೇಳುತ್ತಿದ್ದದ್ದು ಇದಕ್ಕೇ. ಸೌಟು ಈ ಹೊತ್ತಿನಿಂದಲೇ ಹೋಗಲಿ. ದೊಡ್ಡಯ್ಯನೂ ಒಪ್ಪಿದ್ದಾರೆ. ಅವರು ಮರಳಿ ಪೀಠಕ್ಕೆ ಬರಲಿ."

ಊರು ಹೌದು ಹೌದು ಎಂದಿತು. ಸೊಪ್ಪಿನ ಹೆಂಗಸರೂ ಹೌದೆಂದರು. ಕಿರಿಯಳು ವರ್ಷವೆಲ್ಲ ಬಯಸಿದ್ದು ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

"ನಾನು ಒಪ್ಪಿದ್ದು ಯಾವಾಗ ತಂಗಿ?" ಎಂದು ದೊಡ್ಡಯ್ಯ ಕೆಳಗಿನಿಂದ ಕೇಳಿದರು.

"ಬೆಳಿಗ್ಗೆ."

"ಎಲ್ಲಿ?"

"ಸೇತುವೆಯ ಮೇಲೆ. ನೀನು ಹೇಳೋದೂ ಚೆನ್ನಾಗಿದೆ ಅಂದಿರಿ."

"ಹಾಗಾದರೆ ಅದು ನಾನು ಒಪ್ಪಿದ್ದಲ್ಲ. ಬೇರು ಒಪ್ಪಿದ್ದು. ಅದನ್ನು ಬಿಟ್ಟುಬಿಡು." ಅವರು ನೆನಪನ್ನು ಹುಡುಕುವವರಂತೆ ಕೇಳಿದರು. "ಬೆಳಗಿನಿಂದ ಇನ್ನು ಯಾವುದನ್ನೆಲ್ಲ ಚೆನ್ನಾಗಿದೆ ಅಂದೆ?"

ಕಿರಿಯಳು ತನ್ನ ಬಲಗೈಯನ್ನು ನೋಡಿಕೊಂಡಳು. ಬೆಕ್ಕಿನ ಕಿವಿಯಂಥ ಆ ಮೆತ್ತನೆ ಅಲ್ಲಿ ಇನ್ನೂ ಇತ್ತು.

"ಹಗ್ಗವನ್ನು" ಎಂದಳು.

ಊರೆಲ್ಲ ಒಟ್ಟಿಗೆ ಸೇತುವೆಯ ಕಡೆ ತಿರುಗಿತು.

ಕಟ್ಟೆಯ ಕಡೆ ಬಾರದೆ ಬೇಗ ಸಂತೆ ಮುಗಿಸಿದ ಆಚೆ ಬಂಡೆಯ ಕೆಲವರು ಆಗಲೇ ಹೊರೆ ಹೊತ್ತು ಸೇತುವೆಯ ಬಾಯಿಗೆ ಸೇರಿದ್ದರು. ಎಣ್ಣೆಯ ಡಬ್ಬಗಳು, ಉಪ್ಪಿನ ಮೂಟೆಗಳು, ಮಡಕೆಗಳ ಸಾಲು. ಎಲ್ಲರಿಗಿಂತ ಮುಂದೆ ಒಬ್ಬ ಕುಂಬಾರಗಿತ್ತಿ ತಲೆಯ ಮೇಲೆ ಬುಟ್ಟಿ ಹೊತ್ತು ಹಲಗೆಗೆ ಕಾಲಿಡುವುದರಲ್ಲಿದ್ದಳು. ಕಿರಿಯಳು ಸೆರಗು ಬಿಗಿದು ಓಡಿದಳು. ಓಡುತ್ತಲೇ ಕೂಗಿದಳು.

"ನಿಲ್ಲಿ!"

ಕುಂಬಾರಗಿತ್ತಿ ತಿರುಗಿ ನೋಡಿದಳು. "ಯಾಕವ್ವ?"

"ಹಗ್ಗ ಸರಿಯಿಲ್ಲ."

"ಬೆಳಿಗ್ಗೆ ದೊಡ್ಡಯ್ಯ ನಡೆಯಿರಿ ಅಂದಿದ್ದಾರೆ. ಅವರು ಅಂದ ಮೇಲೆ ನೀನು ಯಾವ ಲೆಕ್ಕ? ನಿನ್ನ ಅಂಗೈ ಇನ್ನೂ ಹೂವು ಕಟ್ಟೋ ಅಂಗೈ."

"ಒಂದು ಕ್ಷಣ ನಿಲ್ಲಿ ಅಂತಷ್ಟೇ ಹೇಳ್ತಿದ್ದೀನಿ."

"ಬಾವಿ ಕಡೆ ಮನೆ ನನ್ನದು. ಮಗು ಹಸಿದಿರತ್ತೆ. ದಾರಿ ಬಿಡು ತಾಯಿ."

ಹಿಂದಿನವರೂ ಗದ್ದಲವೆಬ್ಬಿಸಿದರು. ದೊಡ್ಡಯ್ಯ ಹೇಳಿದ್ದಾರೆ, ದೊಡ್ಡಯ್ಯ ಹೇಳಿದ್ದಾರೆ. ಕಿರಿಯಳು ಎರಡೂ ಕೈ ಅಗಲಿಸಿ ಸೇತುವೆಯ ಬಾಯಿಗೆ ಅಡ್ಡ ನಿಂತಳು. ಆ ಹೊತ್ತಿನಲ್ಲಿ ಅವಳಿಗೆ ಒಂದು ಭಯಂಕರ ವಿಷಯ ತಿಳಿಯಿತು. ಕೆಟ್ಟವನೊಬ್ಬ ಈ ಬೆಳಿಗ್ಗೆ ನಡೆಯಿರಿ ಎಂದಿದ್ದರೆ ಈ ಜನರಲ್ಲಿ ಅರ್ಧದಷ್ಟು ಮಂದಿ ತಾವೇ ಹಗ್ಗ ಮುಟ್ಟಿ ನೋಡುತ್ತಿದ್ದರು. ಹೇಳಿದವರು ಒಳ್ಳೆಯವರಾದ್ದರಿಂದ ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದ ಅವಳೂ ಕೈ ತೆಗೆದಿದ್ದಳು.

ದೊಡ್ಡಯ್ಯ ಏದುಸಿರು ಬಿಡುತ್ತ ಬಂದರು. ಜನ ದಾರಿ ಬಿಟ್ಟಿತು. "ನೀವೇ ಹೇಳಿ ದೊಡ್ಡಯ್ಯ, ಹೋಗಲೋ ಬೇಡವೋ?" ಎಂದಳು ಕುಂಬಾರಗಿತ್ತಿ.

ಅವರು ನಿಲ್ಲಿ ಎನ್ನುವಂತಿರಲಿಲ್ಲ, ನಡೆಯಿರಿ ಎನ್ನುವಂತಿರಲಿಲ್ಲ. ಪೀಠ ಬಿಟ್ಟವರಿಗೆ ಆ ಎರಡು ಮಾತೂ ಇರಲಿಲ್ಲ. ಕಮರಿಯ ಅಂಚಿನಲ್ಲೂ ಅವರು ಕಟ್ಟಳೆಯನ್ನು ಮುರಿಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಇಷ್ಟು ಹೇಳಿದರು:

"ಹಗ್ಗ ಮುಟ್ಟುವಾಗ ನನ್ನ ಮೈಯಲ್ಲಿ ಹಾಯಿಬೇರು ಇತ್ತು, ಮಗಳೇ."

ಇಡೀ ಊರು ತಲೆಬಾಗುತ್ತಿದ್ದ ದೊಡ್ಡಯ್ಯ, ಸಂತೆಯ ಹೊರೆಗಳ ನಡುವೆ ನಿಂತು, ತಮ್ಮ ಬಾಯಿಂದಲೇ ಆ ಮಾತು ಹೇಳಿದರು. ತಗ್ಗಿಸಿ ಹೇಳಲಿಲ್ಲ, ಹಲ್ಲು ನೋವಿನ ನೆಪ ಸೇರಿಸಲಿಲ್ಲ. ಕುಂಬಾರಗಿತ್ತಿ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ನೆಲದ ಮೇಲಿಟ್ಟಳು. ಹಿಂದಿನವರ ಹೊರೆಗಳೂ ಒಂದೊಂದಾಗಿ ಇಳಿದವು.

ಕಿರಿಯಳು ಒಬ್ಬಳೇ ಸೇತುವೆಯ ಮೇಲೆ ನಡೆದಳು. ನಡುಮಧ್ಯದಲ್ಲಿ ಹಗ್ಗವನ್ನು ಹೊರಳಿಸಿ ಒಳಮೈ ನೋಡಿದಳು. ಹಲಗೆ ತಿಕ್ಕಿ ತಿಕ್ಕಿ ಮೂರು ಹುರಿಗಳಲ್ಲಿ ಎರಡು ನಾರುನಾರಾಗಿ ಬಿಚ್ಚಿಕೊಂಡಿದ್ದವು. ಉಳಿದ ಒಂದು ಹುರಿಯ ಮೇಲೆ ಬೆಳಗಿನಿಂದ ಊರೆಲ್ಲ ನಡೆದಿತ್ತು. ಮತ್ತೆ ಮರಳಿ ನಡೆಯುವುದಕ್ಕೆ ಅದು ಉಳಿಯುತ್ತಿರಲಿಲ್ಲ. ಅವಳು ಮೆಲ್ಲಗೆ, ಉಸಿರನ್ನೂ ಹಗುರವಾಗಿ ಬಿಡುತ್ತ, ಈಚೆಗೆ ಮರಳಿ ಬಂದಳು. ಈ ಸಲ ಅವಳು "ನಿಲ್ಲಿ" ಎಂದು ಮೆಲುದನಿಯಲ್ಲಿ ಹೇಳಿದಳು. ಊರು ನಿಂತಿತು.

ಸಂತೆಮಾಳ ಹಗ್ಗದ ಮಾಳವಾಯಿತು. ಅಟ್ಟಗಳಿಂದ ಕತ್ತಾಳೆ ನಾರು ಇಳಿಯಿತು. ಒಬ್ಬರು ಬಡಿದರು, ಒಬ್ಬರು ಬಾಚಿದರು, ಒಬ್ಬರು ನೆನೆಸಿದರು, ನೂರಾರು ಮಂದಿ ಸಾಲಾಗಿ ಕೂತು ತೊಡೆಯ ಮೇಲೆ ಹುರಿ ಹೊಸೆದರು. ಆಚೆಯವರಿಗೆ ಈಚೆಯವರು ಉಣ್ಣಲಿಕ್ಕಿದರು. ಕುಂಬಾರಗಿತ್ತಿಯ ಮಗುವಿಗೆ ಆಚೆ ಬಂಡೆಯಲ್ಲಿ ಯಾರೋ ಹಾಲು ಕುಡಿಸಿದ್ದಾರೆಂದು ಕಮರಿಯಾಚೆಯಿಂದ ಕೂಗಿ ಹೇಳಿದರು. ಅವಳು ಆಮೇಲೆ ಕೂತು ಹೊಸೆದಳು.

ಕಿರಿಯಳು ಸಾಲುಗಳ ನಡುವೆ ಓಡಾಡುತ್ತ ಪ್ರತಿ ಹುರಿಯ ಮೇಲೂ ಅಂಗೈ ಎಳೆಯುತ್ತಿದ್ದಳು. ಸೌಟಿನವ್ವ ಖಾಲಿ ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳೆದುರು ಬಂದು ನಿಂತಳು.

"ಒಂದು ಮಾತು ಹೇಳಿಬಿಡು. ಈ ಮಡಕೆ ಇಟ್ಟುಕೊಳ್ಳಲೋ, ಒಡೆಯಲೋ?"

ತಕ್ಕಡಿಯವನು ಅಲ್ಲೇ ನಾರು ಬಾಚುತ್ತಿದ್ದ. ಅವನು ತಲೆಯೆತ್ತಲಿಲ್ಲ.

"ಇಟ್ಟುಕೋ" ಎಂದಳು ಕಿರಿಯಳು. "ಬಾಯಿ ಅಗಲ ತೆಗೆಯಲು ಅಭ್ಯಾಸ ಮಾಡಿಕೊಳ್ತೀನಿ."

"ನಗ್ತಾರೆ ಮತ್ತೆ, ಆ ಸೊಪ್ಪಿನವರು."

"ನಗಲಿ. ದಾಟುವವರು ಅವರು."

ಸಾಲಿನ ಕೊನೆಯಲ್ಲಿ ದೊಡ್ಡಯ್ಯ ಎಲ್ಲರ ಹಾಗೆ ಪಂಚೆ ಮೇಲೆತ್ತಿ ಕೂತು ಹುರಿ ಹೊಸೆಯುತ್ತಿದ್ದರು. ಆ ಊರಿನಲ್ಲಿ ಹುರಿ ಹೊಸೆಯಬಲ್ಲವರಲ್ಲಿ ಹೆಚ್ಚಿನವರು ಅವರಿಂದಲೇ ಕಲಿತವರು. ಅವರ ಹುರಿಯನ್ನು ಯಾರೂ ಪರೀಕ್ಷಿಸುವ ರೂಢಿಯಿರಲಿಲ್ಲ. ಕಿರಿಯಳು ಅವರನ್ನು ದಾಟಿ ಹೋಗುವುದರಲ್ಲಿದ್ದಳು.

"ಅಂಗೈಯವ್ವಾ" ಎಂದು ಅವರು ಕರೆದರು.

ಅವರು ಅವಳನ್ನು ಅಲ್ಲಿಯವರೆಗೆ ತಂಗಿ ಎಂದೇ ಕರೆದಿದ್ದರು. ಅವಳು ತಿರುಗಿ ನಿಂತಳು. ಅವರು ಹೊಸೆದ ಹುರಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದರು.

"ಇದನ್ನೊಮ್ಮೆ ನೋಡಿಕೊಡಿ. ನನ್ನ ಕೈಗೆ ಇವತ್ತು ಎಲ್ಲವೂ ಬಿಗಿಯಾಗಿಯೇ ಸಿಗ್ತಿದೆ."

ಅಕ್ಕಪಕ್ಕದವರ ಕೈ ನಿಂತಿತು. ಕಿರಿಯಳು ಹುರಿಯನ್ನು ತೆಗೆದುಕೊಂಡು ಅಂಗೈ ಎಳೆದಳು. ತುದಿಯಿಂದ ಒಂದು ಗೇಣು ಬಿಗಿಯಾಗಿತ್ತು, ಎರಡು ಗೇಣು ಬಿಗಿಯಾಗಿತ್ತು, ಆಮೇಲೆ ಒಂದು ಕಡೆ ಅವಳ ಅಂಗೈ ನಿಂತಿತು. ಚೆನ್ನಾಗಿದೆ ಎನ್ನುವುದಕ್ಕೆ ಅವಳ ನಾಲಿಗೆ ಎಷ್ಟು ಹಂಬಲಿಸಿತೆಂದರೆ ಅವಳು ಒಂದು ಸಲ ಉಗುಳು ನುಂಗಬೇಕಾಯಿತು.

"ಇಲ್ಲಿ ಸಡಿಲವಾಗಿದೆ, ದೊಡ್ಡಯ್ಯ" ಎಂದಳು. "ಬಿಚ್ಚಿ ಮತ್ತೆ ಹೊಸೆಯಿರಿ."

ದೊಡ್ಡಯ್ಯ ತಲೆಬಾಗಿ ಹುರಿಯನ್ನು ತೆಗೆದುಕೊಂಡರು. ಅವಳು ತೋರಿಸಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಗುರುತಿಟ್ಟುಕೊಂಡು, ಎಳೆ ಎಳೆಯಾಗಿ ಬಿಚ್ಚತೊಡಗಿದರು.